ನಲವತ್ತೆರಡನೇ ಪುಟ

ಪ್ರೆಸ್ಸಿನ ಗೋಡೆಗೆ ಯಜಮಾನರು ಅಂಟಿಸಿದ್ದ ಚೀಟಿಯಲ್ಲಿ ಎರಡೇ ಸಾಲು. ಕರಡು ತಿದ್ದಲು ಮುಂದಿನ ವಾರದಿಂದ ಕಂಪ್ಯೂಟರ್ ಬರುತ್ತದೆ. ಬೈಕಿನ ಲೈಸೆನ್ಸ್ ತಂದವರಿಗೆ ಪುಸ್ತಕ ತಲುಪಿಸುವ ಕೆಲಸ, ತರದವರಿಗೆ ಮನೆಯ ದಾರಿ.

ಇಪ್ಪತ್ತೆರಡು ವರ್ಷ ಕರಡು ತಿದ್ದಿ, ಮಾತಿನ ನಡುವೆಯೂ ನಿಂತು ನಿಂತು ಉಸಿರೆಳೆಯುವ ಚಾಳಿ ಹತ್ತಿ 'ಅಲ್ಪವಿರಾಮ' ಎನಿಸಿಕೊಂಡಿದ್ದ ಬಡಪಾಯಿ, ಭಾವಮೈದನ ಬೈಕಿನಲ್ಲಿ ವಾರವೆಲ್ಲ ಕಲಿತ. ಇವತ್ತು ನಾಲ್ಕಕ್ಕೆ ಪರೀಕ್ಷೆ. ತನ್ನ ಪಾಡಿಗೆ ತಾನು ಓಡಿಸಿದ್ದರೆ ಪಾಸಾಗುತ್ತಿದ್ದನೇನೋ. ಆದರೆ ಜನ ಬಿಡಬೇಕಲ್ಲ!

"ಓದದೆ ಬೈಕ್ ಹತ್ತೋದಾ?" ಎನ್ನುತ್ತ ಕೆಳಮನೆಯ ಔಷಧಿ ಅಂಗಡಿಯವನು ಎಂಜಿನ್ನಿನ ಬಗ್ಗೆ ಇಟ್ಟಿಗೆಯಂಥ ಪುಸ್ತಕ ತಂದ. ಪ್ರೆಸ್ಸಿನ ಬೈಂಡಿಂಗಿನವಳು ಧೈರ್ಯದ ಬಗ್ಗೆ ಒಂದು ಕೊಟ್ಟು ಕಳಿಸಿದ್ದಳು. ಎದುರುಮನೆಯ ನಿವೃತ್ತ ಮೇಷ್ಟ್ರು ಕುಂಟುತ್ತಾ ಬಂದು, ರಟ್ಟು ಕಿತ್ತುಹೋದ ತೆಳು ಪುಸ್ತಕವೊಂದನ್ನು ಕೈಗಿಟ್ಟರು.

"ಇದೊಂದು ಸಾಕು ಕಣಯ್ಯಾ. ನಾನು ಕಲಿತದ್ದೇ ಇದರಿಂದ."

"ಕಾಲಿಗೇನಾಯ್ತು, ಮೇಷ್ಟ್ರೇ?"

"ಅದು ಬೇರೆ ಕತೆ. ನೀನು ನಲವತ್ತೆರಡನೇ ಪುಟ ಓದು."

"ರೀ, ಓದಿದ್ದು ಸಾಕು. ಇನ್ನೊಂದು ರೌಂಡ್ ಹೊಡ್ಕೊಂಡು ಬನ್ನಿ" ಎಂದಳು ಹೆಂಡತಿ. ಆಕೆಯ ಮಾತು ಎಲ್ಲೂ ಅಚ್ಚಾಗಿರಲಿಲ್ಲವಾದ್ದರಿಂದ ಅವನು ಕೇಳಲಿಲ್ಲ. ಪ್ರೆಸ್ಸಿನಲ್ಲೇ ಸವೆದರೂ ಅಚ್ಚಾದದ್ದನ್ನೆಲ್ಲ ನಂಬುವ ಮೂರ್ಖ ಅವನು. ನಲವತ್ತೆರಡನೇ ಪುಟದಲ್ಲಿ ಹೀಗಿತ್ತು: 'ಅಪಾಯ ಎದುರಾದಾಗ ಅದರ ಮೇಲಿಂದ ದೃಷ್ಟಿ ಕದಲಿಸಬೇಡಿ.'

ಮೈದಾನದಲ್ಲಿ ನೀಲಿ ಡ್ರಮ್ಮೊಂದನ್ನು ಸುತ್ತಿ ಬರಬೇಕಿತ್ತು. ಅವನು ಡ್ರಮ್ಮನ್ನೇ ದುರುಗುಟ್ಟಿ ನೋಡಿದ. ಬೈಕು ಸೀದಾ ಅದರ ಮೇಲೇ ಹೋಯಿತು. ಡ್ರಮ್ಮು ಉರುಳಿತು, ಬೈಕು ಮಲಗಿತು, ಅವನ ಮೊಣಕಾಲಿನ ಚರ್ಮ ಕಿತ್ತುಬಂತು.

"ಕಣ್ಣು ಎಲ್ಲಿಡ್ತೀರೋ ಗಾಡಿ ಅಲ್ಲಿಗೇ ಹೋಗತ್ತೆ ಕಣ್ರೀ!" ಇನ್ಸ್‌ಪೆಕ್ಟರು ಓಡಿಬಂದರು. "ಹೋಗಬೇಕಾದ ಕಡೆ ನೋಡೋದು ಬಿಟ್ಟು ಡ್ರಮ್ಮನ್ನ ಯಾಕ್ರೀ ನೋಡಿದ್ರಿ?"

"ಪುಸ್ತಕದಲ್ಲಿ, ಹಾಗಿತ್ತು, ಸರ್."

"ಓ, ಅದೇ ಪುಸ್ತಕಾನಾ? ಈ ತಿಂಗಳು ನೀವು ಒಂಬತ್ತನೆಯವರು. ಬರೆದವನು ಸಿಕ್ಕಿದ್ರೆ ಆ ಡ್ರಮ್ಮಿಗೇ ಕಟ್ಟಿಹಾಕ್ತೀನಿ."

"ಕಟ್ಟಿ ಸರ್, ಹಗ್ಗ ನಾನು ತರ್ತೀನಿ. ಹೊಟ್ಟೆ ಉರೀತಿದೆ. ಅವನ ಕೆಲಸ ಹೋಗ್ಲಿ, ಅವನಿಗೆ ಅನ್ನ ಹುಟ್ಟಬಾರದು!"

ಕುಂಟುತ್ತಾ ಪ್ರೆಸ್ಸಿಗೆ ಬಂದವನ ಮುಖ ನೋಡಿಯೇ ಯಜಮಾನರಿಗೆ ಫಲಿತಾಂಶ ತಿಳಿಯಿತು. "ನಾಳೆಯಿಂದ ಬರೋದು ಬೇಡಪ್ಪ. ಇವತ್ತಿನ ಸಂಬಳ ಇದೆಯಲ್ಲ, ಇದೊಂದು ಕರಡು ನೋಡಿಕೊಟ್ಟು ಹೋಗು. ಎಂಟನೇ ಮುದ್ರಣ!"

ರಟ್ಟಿನ ಚಿತ್ರದಲ್ಲಿ ಯಜಮಾನರ ಷಡ್ಡಕ ಕನ್ನಡಕ ಹಾಕಿಕೊಂಡು, ನಿಲ್ಲಿಸಿದ ಬೈಕಿನ ಮೇಲೆ ವೀರನಂತೆ ಕೂತಿದ್ದ. ಎಲ್ಲೋ ನೋಡಿದಂತಿತ್ತು. ಅವನು ನಲವತ್ತೆರಡನೇ ಪುಟಕ್ಕೆ ತಿರುಗಿಸಿದ. ಅದೇ ವಾಕ್ಯ.

"ಇದು, ಯಾರು ಬರೆದದ್ದು?"

"ಮರೆತೇಬಿಟ್ಟೆಯಾ? ಹನ್ನೊಂದು ವರ್ಷದ ಹಿಂದೆ ಆ ಮೂಲೆಯಲ್ಲಿ ಕೂತು ನಾಲ್ಕು ದಿನದಲ್ಲಿ ಗೀಚಿಕೊಟ್ಟವನು ನೀನೇ ಅಲ್ವೇನಯ್ಯಾ! ಕೋಳಿ ಸಾಕಣೆ, ಕೂದಲ ಆರೈಕೆ, ಇದು. ಆ ತಿಂಗಳು ಮೂರೂ ನಿಂದೇ."

ಅವನು ಕೆಂಪು ಪೆನ್ನು ತೆಗೆದು ವಾಕ್ಯದ ಮೇಲೆ ಗೀಟು ಎಳೆಯಹೋದ. ಯಜಮಾನರು ಕೈ ಹಿಡಿದರು.

"ವಾಕ್ಯ ಮುಟ್ಟಬೇಡ ಮಾರಾಯ, ಖರ್ಚಾಗ್ತಿರೋ ಪುಸ್ತಕ. ಕಾಗುಣಿತ ಮಾತ್ರ ನೋಡು."

ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ.