ನಾದಿನಿ ಮದುವೆಗೊಂದು ಓವರ್‌ಕ್ಲಾಕ್

ಪೇ-ರೋಂಗ್: ಮತ್ತೆ ಕೈಕೊಡ್ತು.

ಜಿಂಗ್-ಯಾವ್: ಕೈಕೊಟ್ಟಿಲ್ಲ. ಯೋಚನೆ ಮಾಡ್ತಿದೆ.

ಪೇ-ರೋಂಗ್: ಪರದೆಯೆಲ್ಲಾ ನೀಲಿ ಆಗಿದೆ. ಅದರ ಮೇಲೊಂದು ಅಳೋ ಮುಖ ಬಂದಿದೆ. ಇದು ಯೋಚನೆನಾ?

ಜಿಂಗ್-ಯಾವ್: ಮೆಮೊರಿ ಒಂಚೂರು ಎಡವಿತು ಅಷ್ಟೆ. ಪ್ರೊಸೆಸರ್ ವೇಗ ನೋಡು, ಐದು ಪಾಯಿಂಟ್ ಎಂಟು ಗಿಗಾಹರ್ಟ್ಸ್. ಅಲುಗಾಡ್ತಿಲ್ಲ.

ಪೇ-ರೋಂಗ್: ಅಲುಗಾಡಿದ್ರೆ ತಾನೆ ಕೆಲಸ ಆಗೋದು.

ಪೇ-ರೋಂಗ್ ಬೆಳಗ್ಗೆಯೇ ಪಾರ್ಲರಿಗೆ ಹೋಗಿ ಮುಖಕ್ಕೆ ಬಣ್ಣ ಹಾಕಿಸಿಕೊಂಡು, ಕೂದಲನ್ನು ಸುರುಳಿ ಸುತ್ತಿಸಿಕೊಂಡು ಬಂದಿದ್ದಳು. ಈಗ ಆ ಬಣ್ಣ ಬೆವರಿನ ಜೊತೆ ಇಳಿದು ಕೊರಳಿಗೆ ಬರುತ್ತಿತ್ತು. ಬಾನ್‌ಚ್ಯಾವ್ ಊರಿನ ಆ ನಾಲ್ಕನೇ ಮಹಡಿಯ ಮನೆಯಲ್ಲಿ ಏಸಿ ಇರಲಿಲ್ಲವೆಂದಲ್ಲ. ಇತ್ತು, ಜೋರಾಗಿಯೇ ಓಡುತ್ತಿತ್ತು. ಆದರೆ ಅದರ ಬಾಯಿಂದ ಕಂಪ್ಯೂಟರ್ ಪೆಟ್ಟಿಗೆಯ ಹೊಟ್ಟೆಯವರೆಗೆ ಗಂಡ ಜಿಂಗ್-ಯಾವ್ ರಟ್ಟಿನ ಸುರಂಗವೊಂದನ್ನು ಅಂಟಿಸಿಬಿಟ್ಟಿದ್ದ. ತಂಪೆಲ್ಲ ಪೆಟ್ಟಿಗೆಯ ಪಾಲು, ಹೆಂಡತಿಯ ಕೈಯಲ್ಲಿ ಯಾವುದೋ ಚುನಾವಣೆಯಲ್ಲಿ ಹಂಚಿದ ಪ್ಲಾಸ್ಟಿಕ್ ಬೀಸಣಿಗೆ.

ಸಂಜೆ ಅವಳ ತಂಗಿಯ ಮದುವೆಯ ಔತಣ. ಹುಡುಗ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಹಿಡಿದು ಉಂಗುರ ತೊಡಿಸುವವರೆಗಿನ ಫೋಟೋಗಳನ್ನು ಪೋಣಿಸಿದ ವಿಡಿಯೊವೊಂದನ್ನು ದೀಪ ಆರಿಸಿ ದೊಡ್ಡ ಪರದೆಯ ಮೇಲೆ ತೋರಿಸದೆ ಆ ಊರಲ್ಲಿ ಯಾರೂ ಮದುವೆ ಊಟಕ್ಕೆ ಕೈ ಹಾಕುವುದಿಲ್ಲ. ಆ ವಿಡಿಯೊವನ್ನು ಪೇ-ರೋಂಗ್ ತಾನೇ ಕೂತು ಜೋಡಿಸಿದ್ದಳು. ಇನ್ನು ಅದನ್ನು ಒಂದೇ ಫೈಲ್ ಮಾಡಿ ಹೊರಗೆ ತೆಗೆದು ಮಧ್ಯಾಹ್ನ ಮೂರು ಗಂಟೆಯೊಳಗೆ ಔತಣದ ಛತ್ರದವರ ಕೈಗೆ ಕೊಡಬೇಕು. ಅವಳ ಹಳೆಯ ಲ್ಯಾಪ್‌ಟಾಪಿಗೆ ಈ ಕೆಲಸ ಒಪ್ಪಿಸಿದ್ದರೆ ತಂಗಿಗೆ ಮಗುವಾದ ಮೇಲೆ ಕೊಡುತ್ತಿತ್ತು. ಗಂಡನ ಪೆಟ್ಟಿಗೆಯ ಮುಂದೆ ಕೂರುವ ಗ್ರಹಚಾರ ಹಾಗೆ ಒದಗಿತ್ತು.

ಕಂಪನಿಯವರು ಇಷ್ಟು ವೇಗ ಸಾಕು ಎಂದು ಕೊಟ್ಟ ಪ್ರೊಸೆಸರನ್ನು ಅದಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಜಿಂಗ್-ಯಾವ್ ಈ ವಿದ್ಯೆಯಲ್ಲಿ ಪಂಡಿತ. ಅವನ ಪ್ರೊಸೆಸರ್ ಹಗಲೂ ರಾತ್ರಿ ಓಡುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ತಂಗಿಯ ಮದುವೆ ಬರುವವರೆಗೆ ಆ ಪೆಟ್ಟಿಗೆಯಿಂದ ಮನೆಗೆ ಒಂದು ಕಾಸಿನ ಉಪಯೋಗವಾದದ್ದನ್ನು ಪೇ-ರೋಂಗ್ ಕಂಡವಳಲ್ಲ.

ಪೇ-ರೋಂಗ್: ಒಂದು ಮಾತು ಕೇಳ್ತೀನಿ, ನಿಜ ಹೇಳು. ಇದರಲ್ಲಿ ನೀನು ಇಷ್ಟು ದಿನ ಏನು ಮಾಡ್ತಿದ್ದೆ?

ಜಿಂಗ್-ಯಾವ್: ಟೆಸ್ಟ್ ಮಾಡ್ತಿದ್ದೆ.

ಪೇ-ರೋಂಗ್: ಟೆಸ್ಟ್ ಪಾಸಾದ್ರೆ?

ಜಿಂಗ್-ಯಾವ್: ವೇಗ ಜಾಸ್ತಿ ಮಾಡ್ತಿದ್ದೆ.

ಪೇ-ರೋಂಗ್: ಆಮೇಲೆ?

ಜಿಂಗ್-ಯಾವ್: ಆಮೇಲೆ ಟೆಸ್ಟ್ ಮಾಡಬೇಕಲ್ಲ.

ಪೇ-ರೋಂಗ್: ಕೆಲಸ ಯಾವಾಗ ಮಾಡ್ತಿದ್ದೆ?

ಜಿಂಗ್-ಯಾವ್: ಕೆಲಸ ಮಾಡಿದ್ರೆ ಬಿಸಿಯಾಗುತ್ತೆ ಮಾರಾಯ್ತಿ.

ಪೇ-ರೋಂಗ್ ಬೀಸಣಿಗೆ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ ಅವನು.

ಜಿಂಗ್-ಯಾವ್: ನಿಂಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಪ್ರೊಸೆಸರ್ ಅಂದ್ರೆ ಬಾಂಡಲಿ ಮುಂದೆ ನಿಂತ ಅಡುಗೆಯವನು. ಮೆಮೊರಿ ಅಂದ್ರೆ ಪಕ್ಕದಲ್ಲಿ ಹೆಚ್ಚಿದ್ದು ಎತ್ತಿ ಕೊಡೋನು. ನಮ್ಮ ಅಡುಗೆಯವನ ಕೈ ಭಾರೀ ಚುರುಕು. ಅವನ ವೇಗಕ್ಕೆ ಇವನು ತಟ್ಟೆ ಎತ್ತಿ ಎತ್ತಿ ಕೊಡುವಾಗ ಎಲ್ಲೋ ಒಂದು ಕೈತಪ್ಪುತ್ತೆ.

ಪೇ-ರೋಂಗ್: ಅಡುಗೆಯವನಿಗೆ ನಿಧಾನ ಮಾಡಪ್ಪ ಅಂತ ಹೇಳು.

ಜಿಂಗ್-ಯಾವ್: ಅದು ಆಗಲ್ಲ.

ಪೇ-ರೋಂಗ್: ಯಾಕೆ, ಅಡುಗೆಯವನು ಕೆಲಸ ಬಿಡ್ತಾನಾ?

ಜಿಂಗ್-ಯಾವ್: ನಮ್ಮ ಓವರ್‌ಕ್ಲಾಕ್ ಗುಂಪಿನಲ್ಲಿ ಹಾಕಿಬಿಟ್ಟಿದ್ದೀನಿ. ಇವತ್ತು ನಾದಿನಿ ಮದುವೆ ವಿಡಿಯೊ ಐದು ಪಾಯಿಂಟ್ ಎಂಟರಲ್ಲಿ ಹೊರಗೆ ಬರುತ್ತೆ, ಮೆಮೊರಿ ಒಂದು ತಪ್ಪೂ ಮಾಡಲ್ಲ ಅಂತ. ಎಲ್ಲಾ ಕಾಯ್ತಿದ್ದಾರೆ. ನಿಮ್ಮಪ್ಪನಿಗೂ ಫೋನ್ ಮಾಡಿ ಹೇಳಿದ್ದೀನಿ.

ಪೇ-ರೋಂಗ್: ಅಪ್ಪ ಏನಂದ್ರು?

ಜಿಂಗ್-ಯಾವ್: ಊಟ ಆಯ್ತಾ ಅಂದ್ರು.

ಪೇ-ರೋಂಗ್: ಸರಿಯಾಗೇ ಹೇಳಿದ್ದಾರೆ. ಈಗ ಹೇಳು, ಮಾಮೂಲಿ ವೇಗಕ್ಕೆ ಇಳಿಸಿದ್ರೆ ಎಷ್ಟು ಹೊತ್ತು ತಗೊಳ್ಳುತ್ತೆ?

ಜಿಂಗ್-ಯಾವ್: ಹದಿನೈದು ನಿಮಿಷ.

ಪೇ-ರೋಂಗ್: ನಿನ್ನ ಮಹಾವೇಗದಲ್ಲಿ?

ಜಿಂಗ್-ಯಾವ್: ಹದಿನಾಲ್ಕು.

ಪೇ-ರೋಂಗ್: ಹದಿನಾಲ್ಕು.

ಜಿಂಗ್-ಯಾವ್: ಮತ್ತೆ ಸ್ವಲ್ಪ ಚಿಲ್ಲರೆ.

ಪೇ-ರೋಂಗ್: ಅಂದ್ರೆ ಒಂದು ನಿಮಿಷಾನೂ ಪೂರ್ತಿ ಉಳಿಯಲ್ಲ. ಆ ಚಿಲ್ಲರೆಗೆ ಬೆಳಗ್ಗೆಯಿಂದ ನನ್ನನ್ನ ಇಲ್ಲಿ ಬೇಯಿಸ್ತಾ ಇದ್ದೀಯ.

ಅಷ್ಟರಲ್ಲಿ ಪೆಟ್ಟಿಗೆಗೆ ಮರುಜೀವ ಬಂದಿತ್ತು. ಜಿಂಗ್-ಯಾವ್ ಮೆಮೊರಿಗೆ ಕೊಡುವ ವೋಲ್ಟೇಜನ್ನು ಇನ್ನೊಂದು ಚಿಟಿಕೆ ಏರಿಸಿ, ಮದುವೆ ಮನೆಯ ಹಿರಿಯನ ಹಾಗೆ ಕೈಕಟ್ಟಿಕೊಂಡು ನಿಂತ. ಪೇ-ರೋಂಗ್ ವಿಡಿಯೊ ತೆರೆದು ಮೊದಲಿಂದ ಶುರು ಮಾಡಿದಳು. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ತೆವಳುತ್ತಾ ಹೊರಟಿತು. ತಂಗಿ ಹುಟ್ಟಿದಳು, ಅಂಬೆಗಾಲಿಟ್ಟಳು, ಶಾಲೆಗೆ ಹೋದಳು, ಹಲ್ಲು ಬಿದ್ದ ಬಾಯಲ್ಲಿ ನಕ್ಕಳು. ನೀಲಿ ಪರದೆ ಬಂತು.

ಜಿಂಗ್-ಯಾವ್: ಗೊತ್ತಾಯ್ತು. ಹೋದ ಸಲಾನೂ ಇಲ್ಲೇ ನಿಂತಿದ್ದು. ಅದರ ಹಿಂದಿನ ಸಲಾನೂ ಇಲ್ಲೇ. ಇದರ ಮುಂದಿನ ಫೋಟೋ ಯಾರದ್ದು?

ಪೇ-ರೋಂಗ್: ಅಮ್ಮಂದು.

ಜಿಂಗ್-ಯಾವ್: ನೋಡಿದ್ಯಾ.

ಪೇ-ರೋಂಗ್: ಏನು ನೋಡಿದ್ಯಾ?

ಜಿಂಗ್-ಯಾವ್: ನಾನೇನೂ ಹೇಳಿಲ್ಲ. ನಿಮ್ಮಮ್ಮ ಬಂದಾಗೆಲ್ಲಾ ಕೆಲಸ ನಿಲ್ಲುತ್ತೆ ಅಂತ ಪೆಟ್ಟಿಗೆ ಹೇಳ್ತಿದೆ.

ಪೇ-ರೋಂಗ್: ನಮ್ಮಮ್ಮ ಬಂದಾಗ ನಿಲ್ಲೋದು ನಿನ್ನ ಕೆಲಸ, ಯಾಕಂದ್ರೆ ಆಗ ನೀನು ತಟ್ಟೆ ತೊಳೀಬೇಕಾಗುತ್ತೆ. ಪೆಟ್ಟಿಗೆ ಮೇಲೆ ಯಾಕೆ ಹಾಕ್ತೀಯ?

ಜಿಂಗ್-ಯಾವ್: ನಾನು ಫೋಟೋ ಬಗ್ಗೆ ಹೇಳಿದ್ದು. ಫೈಲ್ ದೊಡ್ಡದಿರಬಹುದು.

ಪೇ-ರೋಂಗ್: ನಮ್ಮಮ್ಮನ್ನ ದೊಡ್ಡ ಅಂದ್ಯಾ?

ಜಿಂಗ್-ಯಾವ್: ಫೈಲ್ ಅಂದೆ. ಒಂದು ಸಲ ತೆಗೆದು ನೋಡೋಣ, ಆಮೇಲೆ ವಾಪಸ್ ಹಾಕೋಣ.

ಪೇ-ರೋಂಗ್: ಹಲ್ಲು ಕಚ್ಚಿಕೊಂಡು ತೆಗೀತಿದ್ದೀನಿ, ನೆನಪಿಟ್ಕೊ.

ಅಮ್ಮನನ್ನು ತೆಗೆದರು. ಈ ಸಲ ಪಟ್ಟಿ ಇನ್ನಷ್ಟು ದೂರ ಹೋಗಿ, ಜಿಂಗ್-ಯಾವ್ ತಾನೇ ಮಾವನ ಹೆಗಲ ಮೇಲೆ ಕೈಹಾಕಿ ನಿಂತಿದ್ದ ಫೋಟೋ ಬಂದ ಕೂಡಲೇ ಅಳುವ ಮುಖ ಕಾಣಿಸಿತು. ಪೇ-ರೋಂಗ್ ಅಮ್ಮನನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ಗಂಡನ ಕಡೆ ತಿರುಗಿದಳು.

ಪೇ-ರೋಂಗ್: ಈಗ ಪೆಟ್ಟಿಗೆ ಏನು ಹೇಳ್ತಿದೆಯಂತೆ?

ಜಿಂಗ್-ಯಾವ್ ತಲೆ ಕೆರೆದುಕೊಂಡು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅದರ ನೆತ್ತಿಯ ಮೇಲೆ ತೆಂಗಿನ ವಾಸನೆಯ ಜೋಳದ ತಿಂಡಿಯ ಹಸಿರು ಪೊಟ್ಟಣವೊಂದು ಕೂತಿತ್ತು. ಆ ಊರಲ್ಲಿ ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ನಂಬಿದ ಯಂತ್ರ ಕೈಕೊಡಬಾರದೆಂದರೆ ಅದರ ಮೇಲೊಂದು ಇಂಥ ಪೊಟ್ಟಣ ಇಡುತ್ತಾರೆ. ಮಕ್ಕಳಿಗೆ ಹೇಳಿದ ಮಾತು ಕೇಳಿಕೊಂಡು ಜಾಣ ಮರಿ ಹಾಗಿರು ಎಂದು ಹೇಳುತ್ತಾರಲ್ಲ, ಆ ಮಾತೇ ಅದರ ಹೆಸರು. ಹಸಿರೇ ಆಗಬೇಕು, ಬೇರೆ ಬಣ್ಣ ನಡೆಯದು. ಒಡೆಯಬಾರದು, ತಿನ್ನಬಾರದು, ಮೇಲೆ ಅಚ್ಚಾದ ದಿನಾಂಕ ದಾಟಬಾರದು. ಕಂಪ್ಯೂಟರ್ ಚಿಪ್‌ನೊಳಗಿನ ವಿದ್ಯುತ್ತಿಗೆ ಲೆಕ್ಕ ಹಾಕುವ ಎಂಜಿನಿಯರುಗಳೂ ಈ ವಿಷಯದಲ್ಲಿ ಉಸಿರೆತ್ತುವುದಿಲ್ಲ. ಜಿಂಗ್-ಯಾವ್ ಪೊಟ್ಟಣವನ್ನು ತಿರುಗಿಸಿ ಬೆನ್ನು ನೋಡಿದ.

ಜಿಂಗ್-ಯಾವ್: ಅಯ್ಯೋ. ದಿನಾಂಕ ದಾಟಿಹೋಗಿದೆ.

ಪೇ-ರೋಂಗ್: ಹೌದಾ. ವೋಲ್ಟೇಜು, ವೇಗ, ಅಡುಗೆಯವನು, ನಮ್ಮಮ್ಮ, ಎಲ್ಲಾ ಆಯ್ತು. ಈಗ ಜೋಳದ ತಿಂಡಿ.

ಜಿಂಗ್-ಯಾವ್: ನಗಬೇಡ. ನಿಮ್ಮ ಆಫೀಸಿನ ಪ್ರಿಂಟರ್ ಮೇಲೂ ಇದೆ, ನಾನೇ ನೋಡಿದ್ದೀನಿ.

ಪೇ-ರೋಂಗ್: ಅದರ ಕೆಳಗೆ ಕೆಲಸ ಮಾಡೋ ಪ್ರಿಂಟರ್ ಇದೆ.

ಆಗ ತಂಗಿಯ ಫೋನ್ ಬಂತು. ಅಕ್ಕಾ, ಛತ್ರದವರು ಆಗಲೇ ಎರಡು ಸಲ ಕೇಳಿದರು, ವಿಡಿಯೊ ಇಲ್ಲ ಅಂದರೆ ಅವರ ಹತ್ತಿರ ಇರೋ ಯಾವುದೋ ಹೂವಿನ ಚಿತ್ರ ತೋರಿಸ್ತಾರಂತೆ ಎಂದು ಹೇಳುತ್ತಾ ಅವಳ ದನಿ ಒಡೆಯಿತು. ಮದುವಣಗಿತ್ತಿ ಅತ್ತರೆ ಕಣ್ಣಿಗೆ ಅಂಟಿಸಿದ ರೆಪ್ಪೆ ಕಳಚುತ್ತದೆ, ಮತ್ತೆ ಅಂಟಿಸಲು ಹೊತ್ತಿಲ್ಲ. ಬರ್ತಿದೆ ಕಣೇ, ಬಂತು, ಅಳಬೇಡ ಎಂದು ಸಮಾಧಾನ ಮಾಡುತ್ತಾ ಪೇ-ರೋಂಗ್ ಬಾಲ್ಕನಿಗೆ ಹೋದಳು. ತಿರುಗಿ ನೋಡಿದಾಗ ಜಿಂಗ್-ಯಾವ್ ಅವಳಿಗೆ ಬೆನ್ನು ಮಾಡಿ ಕೂತು ಏನೋ ಒತ್ತುತ್ತಿದ್ದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಜಿಂಗ್-ಯಾವ್: ಕೆಳಗಿನ ಅಂಗಡಿಗೆ ಹೋಗಿ ಹೊಸ ಪೊಟ್ಟಣ ತರ್ತೀನಿ. ನಾನು ಬರೋವರೆಗೆ ಏನೂ ಮುಟ್ಟಬೇಡ.

ಪೇ-ರೋಂಗ್: ತಂಗಿ ಅಲ್ಲಿ ಅಳ್ತಿದ್ದಾಳೆ, ನೀನು ತಿಂಡಿ ತರೋಕೆ ಹೋಗ್ತಿದ್ದೀಯ.

ಜಿಂಗ್-ಯಾವ್: ನಿಂಗೆ ಇದೆಲ್ಲಾ ಅರ್ಥ ಆಗಲ್ಲ.

ಬಾಗಿಲು ಮುಚ್ಚಿದ್ದೇ ತಡ ಪೇ-ರೋಂಗ್ ಕುರ್ಚಿಗೆ ಹಾರಿದಳು. ಇವನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಅವಳಿಗೂ ಅಷ್ಟಿಷ್ಟು ಬಂದಿತ್ತು. ಪೆಟ್ಟಿಗೆ ಎಚ್ಚರವಾಗುವಾಗ ಒಂದು ಕೀಲಿ ಒತ್ತಿದರೆ ಸೆಟ್ಟಿಂಗುಗಳ ಒಳಮನೆ ತೆರೆಯುತ್ತದೆ, ಅಲ್ಲಿ ಇನ್ನೊಂದು ಒತ್ತಿದರೆ ಎಲ್ಲವೂ ಕಂಪನಿಯಿಂದ ಬಂದಂತೆ ಆಗುತ್ತದೆ. ಎರಡನ್ನೂ ಒತ್ತಿದಳು. ಯಾವ ಯಾವ ಬದಲಾವಣೆ ಮಾಡುತ್ತಿದ್ದೀರಿ ಎಂದು ಪೆಟ್ಟಿಗೆ ಪ್ರತಿ ಸಲ ಉದ್ದದ ಪಟ್ಟಿ ತೋರಿಸುತ್ತಿತ್ತು. ಈ ಸಲ ಒಂದೇ ಸಾಲು ತೋರಿಸಿತು, ಬದಲಾಯಿಸಲು ಏನೂ ಇಲ್ಲವೆಂದು.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಪುಣ್ಯಾತ್ಮ ತಾನೇ ಎಲ್ಲವನ್ನೂ ಮಾಮೂಲಿ ವೇಗಕ್ಕೆ ಇಳಿಸಿ ಹೋಗಿದ್ದ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಗು ಮುಗಿದ ಮೇಲೆ ಸಿಟ್ಟೇ ಉಳಿಯಿತು. ಇಳಿಸಿದ್ದೀನಿ ಕಣೇ, ತಪ್ಪಾಯ್ತು ಎಂದು ಬಾಯಿಬಿಟ್ಟು ಹೇಳಿದ್ದರೆ ಅವಳು ಆಗಲೇ ಕ್ಷಮಿಸಿಬಿಡುತ್ತಿದ್ದಳು. ಅಷ್ಟು ಹೇಳಲಾರದೆ ಆ ಕೀರ್ತಿಯನ್ನು ಜೋಳದ ತಿಂಡಿಯ ತಲೆಗೆ ಕಟ್ಟಲು ನಾಲ್ಕು ಮಹಡಿ ಇಳಿದು ಹೋಗಿದ್ದಾನಲ್ಲ, ಅದನ್ನು ಬಿಡಬಾರದು ಎಂದುಕೊಂಡಳು. ಅವನು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಕೈಕಟ್ಟಿಕೊಂಡು ಕೂತಿದ್ದಳು.

ಜಿಂಗ್-ಯಾವ್: ಏನೂ ಮುಟ್ಟಿಲ್ಲ ತಾನೆ?

ಪೇ-ರೋಂಗ್: ಮುಟ್ಟಿ ಏನು ಮಾಡಲಿ, ನಂಗೆ ಅರ್ಥ ಆಗಲ್ಲವಲ್ಲ.

ಜಿಂಗ್-ಯಾವ್ ಹೊಸ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟ. ನೇರ ಮಾಡಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಜಿಂಗ್-ಯಾವ್: ಈಗ ಶುರು ಮಾಡು.

ಪಟ್ಟಿ ಹೊರಟಿತು. ತಂಗಿ ಹುಟ್ಟಿದಳು, ಶಾಲೆಗೆ ಹೋದಳು. ಅಮ್ಮ ಬಂದರು, ಹೋದರು.

ಜಿಂಗ್-ಯಾವ್: ನೋಡಿದ್ಯಾ? ಐದು ಪಾಯಿಂಟ್ ಎಂಟು, ಮೆಮೊರಿ ಉಸಿರೆತ್ತುತ್ತಿಲ್ಲ. ನೀನು ನಗ್ತಿದ್ದೆ. ದೊಡ್ಡೋರು ಸುಮ್ನೆ ಮಾಡಿರಲ್ಲ ಇದನ್ನೆಲ್ಲಾ.

ಪೇ-ರೋಂಗ್ ಎದ್ದು, ಕೈಚಾಚಿ ಪೊಟ್ಟಣ ತೆಗೆದುಕೊಂಡು, ತುದಿ ಹರಿದು, ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. ಕರುಮ್ ಎಂದಿತು.

ಜಿಂಗ್-ಯಾವ್: ಏಯ್, ಏನು ಮಾಡ್ತಿದ್ದೀಯ? ಅದನ್ನ ತಿನ್ನಬಾರದು.

ಪೇ-ರೋಂಗ್: ತಿಂದ್ರೆ ನಿಲ್ಲುತ್ತಾ? ನಿಲ್ಲುತ್ತೆ ಅನ್ನು, ಈಗಲೇ ಉಗೀತೀನಿ.

ಜಿಂಗ್-ಯಾವ್ ಪಟ್ಟಿ ನೋಡಿದ. ಪಟ್ಟಿ ಜಾಣ ಮರಿಯ ಹಾಗೆ ಹೋಗುತ್ತಲೇ ಇತ್ತು. ನಿಲ್ಲುತ್ತದೆ ಅಂದರೆ ನಿಲ್ಲುವುದಿಲ್ಲ, ನಿಲ್ಲುವುದಿಲ್ಲ ಅಂದರೆ ಯಾಕೆಂದು ಹೇಳಬೇಕು.

ಜಿಂಗ್-ಯಾವ್: ನಿಲ್ಲಲ್ಲ ಬಿಡು. ಪೊಟ್ಟಣ ಹೊಸದಲ್ವಾ, ಅದರ ಶಕ್ತಿ ಒಂದಷ್ಟು ಹೊತ್ತು ಇರುತ್ತೆ.

ಪೇ-ರೋಂಗ್: ಎಷ್ಟು ಹೊತ್ತು?

ಜಿಂಗ್-ಯಾವ್: ಒಂದು ಹದಿನೈದು ನಿಮಿಷ.

ಪೇ-ರೋಂಗ್: ಹದಿನೈದಾ? ಐದು ಪಾಯಿಂಟ್ ಎಂಟರಲ್ಲಿ ಹದಿನಾಲ್ಕು ಅಂದಿದ್ದೆ.

ಪೇ-ರೋಂಗ್ ಕರುಮ್ ಕರುಮ್ ಎಂದು ಇನ್ನಷ್ಟು ತುಂಡು ಅಗಿದಳು. ಜಿಂಗ್-ಯಾವ್ ರಟ್ಟಿನ ಸುರಂಗವನ್ನು ಕಿತ್ತು ಏಸಿಯನ್ನು ಹೆಂಡತಿಯ ಕಡೆ ತಿರುಗಿಸಿದ. ಮಾವನ ಹೆಗಲ ಮೇಲೆ ಕೈಹಾಕಿಕೊಂಡು ಅವನೇ ಪರದೆಯ ಮೇಲೆ ಬಂದ, ಹೋದ. ಪಟ್ಟಿ ತುದಿ ಮುಟ್ಟಿತು. ಪೇ-ರೋಂಗ್ ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿ, ತಂಗಿಗೆ ಬರ್ತಿದ್ದೀನಿ ಎಂದು ಸಂದೇಶ ಕಳಿಸಿದಳು. ಅಷ್ಟರಲ್ಲಿ ಜಿಂಗ್-ಯಾವ್‌ನ ಫೋನ್ ಒಂದೇ ಸಮನೆ ಟಿಣಿಟಿಣಿ ಎನ್ನತೊಡಗಿತು.

ಜಿಂಗ್-ಯಾವ್: ಗುಂಪಿನವರು. ಎಷ್ಟು ವೇಗದಲ್ಲಿ ಬಂತು ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?

ಪೇ-ರೋಂಗ್ ಕನ್ನಡಿ ನೋಡಿ ಮುಖ ಒರೆಸಿಕೊಂಡು, ಅರ್ಧ ಉಳಿದಿದ್ದ ಪೊಟ್ಟಣವನ್ನು ಅವನ ಕೈಗೆ ತುರುಕಿದಳು.

ಪೇ-ರೋಂಗ್: ಬಾಯಿ ತುಂಬಾ ತಿಂಡಿ ಇದೆ, ಆಮೇಲೆ ಹೇಳ್ತೀನಿ ಅನ್ನು. ತಿನ್ನು, ಪೂರ್ತಿ ತಿನ್ನು. ಆ ಪೆಟ್ಟಿಗೆ ಮೊದಲಿಂದ್ಲೂ ಹೇಳಿದ ಮಾತು ಕೇಳ್ತಾನೇ ಇತ್ತು. ಪೊಟ್ಟಣ ಬೇಕಾಗಿದ್ದು ನಿಂಗೆ.