ಉಡಿದಾರದಲ್ಲಿದ್ದ ಬೀಗದ ಕೈ

ನಮ್ಮ ಸೋದರಮಾವ ಸೂಜಿಗೆ ಹೆದರುವ ಡಾಕ್ಟರು! ಚುಚ್ಚಿಸಿಕೊಳ್ಳುವುದಕ್ಕಲ್ಲ, ಚುಚ್ಚುವುದಕ್ಕೆ. ಹೊಳೆನರಸೀಪುರದವರು ಹಾಗೆಂದೇ ಆಡಿಕೊಳ್ಳುತ್ತಿದ್ದರು.

ಪೆನಿಸಿಲಿನ್ ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ಕಾಲ. ನೆಗಡಿಗೂ ಅದೇ, ಕಾಲು ಉಳುಕಿದರೂ ಅದೇ, ಸೊಸೆ ಎದುರಾಡಿದರೂ ಅದೇ! ಮಾವ ಮಾತ್ರ ತಮ್ಮ ನಾಲ್ಕಾರು ಮಂಚಗಳ ನರ್ಸಿಂಗ್ ಹೋಮಿನಲ್ಲಿ ಅದನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ತೆಗೆಯಬೇಕಾದರೆ ಅಂಗಿ ಎತ್ತಬೇಕು. ಮರ್ಯಾದಸ್ಥರು ಎಷ್ಟು ಸಲ ಎತ್ತಿಯಾರು? ಅಥವಾ ಅದು ಜೇಬಿನಲ್ಲೇ ಇತ್ತೋ? ಮೈಸೂರಿನಲ್ಲಿ ವಿಜ್ಞಾನ ಓದಿ ಬಂದ ಮೇಲೆ ನನಗೆ ನನ್ನ ನೆನಪಿನ ಮೇಲೂ ಅನುಮಾನ.

"ಸುಮ್ಮಸುಮ್ನೆ ಚುಚ್ಚಿದ್ರೆ ಕ್ರಿಮಿಗಳಿಗೆ ಔಷಧಿ ಅಭ್ಯಾಸ ಆಗ್ಬುಡುತ್ತೆ ಕಣಯ್ಯಾ. ನಿಜವಾಗ್ಲೂ ಬೇಕಾದಾಗ ನಮ್ಮನ್ನ ನೋಡಿ ನಗ್ತವೆ" ಎನ್ನುತ್ತಿದ್ದರು. ಜ್ವರವೆಂದು ಬಂದವರ ಎದೆ ನೋಡಿ, ಗಂಜಿ ಕುಡಿಸಿ, ಮಲಗಿಸಿ, ಎದ್ದಮೇಲೆ ಕನಸು ಕೇಳುವುದು ಅವರ ಚಿಕಿತ್ಸೆ! ಮಧ್ಯಾಹ್ನ ಹೇಮಾವತಿಯ ಗಾಳಿಗೆ ಬಿಳಿ ಪರದೆಗಳು ತೇಲುತ್ತಿದ್ದರೆ, ಒಬ್ಬರ ಕನಸಿನೊಳಗಿಂದ ಇನ್ನೊಬ್ಬರು ಕೆಮ್ಮಿದಂತೆ ಕೇಳುತ್ತಿತ್ತು.

ಅರಕಲಗೂಡಿನ ಹೊಗೆಸೊಪ್ಪಿನ ಗೌಡರೊಬ್ಬರು ಜಾಣತನ ಮಾಡಿದರು. "ಕನಸ್ನಾಗೆ ನೀವೇ ಬಂದು ಸೂಜಿ ಆಕುದ್ರಿ ಸಾ!"

"ಹಾಕಿದ್ನಾ? ಹಂಗಾದ್ರೆ ಆಯ್ತಲ್ಲ, ಮನೆಗೆ ಹೊರಡಿ!"

ಕಿಟಕಿ ಪಕ್ಕದ ಮಂಚ ನನ್ನ ಅಜ್ಜಿಯದು, ಅಂದರೆ ಮಾವನ ತಾಯಿಯದು. ಹಳೆಯ ಕೆಮ್ಮು. ಸೂಜಿಯೆಂದರೆ ಅವಳಿಗೆ ಔಷಧಿಯಲ್ಲ, ಮರ್ಯಾದೆ. "ಚನ್ನರಾಯಪಟ್ಟಣದ ಬೀಗಿತಿಗೆ ಯಾವನೋ ಡಾಕ್ಟ್ರು ಎರಡು ಸೂಜಿ ಆಕವ್ನೆ. ನಾನ್ ಎತ್ತ ಮಗ ಒಂದೂ ಆಕ್ಲಿಲ್ಲ ಕಣ್ಲಾ!" ಎಂದು ನನ್ನೆದುರು ಗೋಳಾಡುತ್ತಿದ್ದಳು. ಮಗನಿಗೆ ದಿನಕ್ಕೊಂದು ಕನಸು ಕಟ್ಟಿ ಹೇಳುತ್ತಿದ್ದಳು.

"ಗೊಮ್ಮಟಸ್ವಾಮಿ ಬೆಟ್ಟ ಇಳ್ದು ಬಂದು, ನಿನ್ ಕೆಮ್ಮಿಗೆ ನಂಗೆ ನಿದ್ದೆ ಇಲ್ಲ ಅಂದ ಕಣ್ ಮಗ!"

"ಅವನಿಗೇ ಹಾಕೋಣ ಅಂದ್ರೆ ನನ್ನ ಕೈ ಎಟುಕಲ್ಲವ್ವ!"

ಒಂದು ಬೆಳಿಗ್ಗೆ ಮಾವ ನಗುತ್ತಲೇ ಕೇಳಿದರು: "ಇವತ್ತೇನವ್ವ ಕನಸು?"

"ಏನೂ ಬೀಳ್ನಿಲ್ಲ ಕಣ್ ಮಗ. ಸೂಜೀನೂ ಬ್ಯಾಡ, ಬುಡು."

ಸುಳ್ಳು ಕಟ್ಟಲೂ ಶಕ್ತಿಯಿಲ್ಲದ ಅವ್ವನನ್ನು ಮಾವ ಎಂದೂ ಕಂಡಿರಲಿಲ್ಲ. ಎದೆಗೆ ಕೊಳವೆ ಇಟ್ಟು ಕೇಳಿದವರು ಎಲ್ಲರೆದುರೇ ತಮ್ಮ ಅಂಗಿ ಎತ್ತಿದರು. ಗಂಟು ಬಿಚ್ಚುತ್ತ ಕೂರಲಿಲ್ಲ, ಉಡಿದಾರವನ್ನೇ ಕಿತ್ತುಬಿಟ್ಟರು!

ಎಷ್ಟು ದಿನ ಚುಚ್ಚಿದರೋ ನೆನಪಿಲ್ಲ. ಕೊನೆಗೊಂದು ದಿನ ಅಜ್ಜಿ ಕಣ್ಣು ಬಿಟ್ಟು, "ಲೇ ಮಗ, ಒಂದು ಕನಸು ಬಿದ್ದೈತೆ" ಎಂದಳು. ಹೊರಗೆ ರೋಗಿಗಳ ಸಾಲಿತ್ತು. ಮಾವ ಸ್ಟೂಲು ಎಳೆದುಕೊಂಡು ಕೂತರು.

ಅದೇನು ಕನಸೋ, ಮರೆತಿದ್ದೇನೆ. ಕಣ್ಣೊರೆಸಿಕೊಳ್ಳುತ್ತ ಮಾವ ಮಗುವಿನಂತೆ "ಆಮೇಲೆ? ಆಮೇಲೇನಾಯ್ತವ್ವ?" ಎನ್ನುತ್ತಿದ್ದುದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.