ಎತ್ತಲಿಂದ ಓದಿದರೂ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರು ಹುಲುಗೇಶ್ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟ ದಿನವೇ ಎಡವಟ್ಟಾಯಿತು. ಮುನಿಸಿಕೊಂಡು ಅರಸೀಕೆರೆಯ ತವರು ಸೇರಿದ್ದ ಹೆಂಡತಿ ನಾಗರತ್ನ ಅಂದು ನಾಲ್ಕರ ಬಸ್ಸಿಗೆ ಮರಳುವವಳಿದ್ದಳು. ಷರತ್ತು ಒಂದೇ: ಅಂಗಡಿಗೆ ಅವಳು ಹೇಳಿದ ಹೆಸರೇ ಇರಬೇಕು, ‘ನವಜೀವನ’. ಕಂಡಕಂಡವರ ಮಾತಿಗೆ ಕುಣಿಯುವ ಗಂಡ ಒಮ್ಮೆಯಾದರೂ ತನ್ನ ಮಾತು ಕೇಳಲಿ ಎಂಬ ಹಟ ಅವಳದು. ಹುಲುಗೇಶ್ ಐದು ಸ್ಟೀಲಿನ ಅಕ್ಷರ ತಂದು ಬೋರ್ಡಿಗೆ ಸ್ಕ್ರೂ ಬಿಗಿದಿದ್ದ.

ಅಷ್ಟರಲ್ಲಿ ಸಿದ್ದಲಿಂಗ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ಇಡೀ ಊರನ್ನೇ ಮೂರನೇ ಕ್ಲಾಸು ಅಂದುಕೊಂಡವರು. ಪುಕ್ಕಟೆ ಮಿರ್ಚಿ ಕಚ್ಚುತ್ತ ಬೋರ್ಡು ನೋಡಿ ತಲೆಯಲ್ಲಾಡಿಸಿದರು.

“ಕೂಡ್ಲಿಗಿ ಕಡಿಂದ ಬರೋರಿಗೆ ಇದು ಎಡಗಡಿಂದ ಕಾಣ್ತೈತಿ. ಉಜ್ಜಿನಿ ಕಡಿಂದ ಬರೋರಿಗೆ ಬಲಗಡಿಂದ. ಅವರು ತಿರುವುಮುರುವು ಓದಿದ್ರ ಅರ್ಧ ಗಿರಾಕಿ ಹೋದ್ರು ತಿಳಕೊ.”

“ಏನ್ ಮಾಡಬೇಕ್ರಿ ಹಂಗಾದ್ರ?”

“ಅಕ್ಷರ ಬಿಚ್ಚಲೇ. ಎತ್ತಲಿಂದ ಓದಿದ್ರೂ ಒಂದ ಬರೋ ಹಂಗ ಕೂಡಿಸಾಣ. ಎಲ್ಲಾ ಅಕ್ಷರಕ್ಕೂ ಜೋಡಿ ಇರಬೇಕು. ಒಂದು ಒಂಟಿ ಇದ್ರ ನಡಕ ಕುಂದ್ರತೈತಿ.”

ಓದಿ ನೋಡುವುದೆಂದರೆ ಮೇಷ್ಟ್ರಿಗೆ ಅವಮಾನ; ಎಣಿಸಿದರೇ ವಿದ್ಯೆ. ಅಕ್ಷರಗಳೆಲ್ಲ ಮಂಡಕ್ಕಿ ಚೀಲದ ಮೇಲೆ ಬಂದು ಬಿದ್ದವು. ನ ಎರಡು, ವ ಎರಡು, ಜೀ ಒಂದು. ಪಕ್ಕದ ಬಳೆ ಅಂಗಡಿಯ ಬಸಲಿಂಗಮ್ಮ ತಾನೂ ಒಂದು ಕೈ ನೋಡಿ ‘ವವಜೀನನ’ ಮಾಡಿದಳು. ಬಾಣಲೆಯ ಮಿರ್ಚಿ ಕರಕಲಾಯಿತು, ಇದ್ದ ನಾಲ್ಕು ಗಿರಾಕಿಗಳೂ ಎದ್ದು ಹೋದರು. ಮೂರೂವರೆಗೆ ಮೇಷ್ಟ್ರು ತೊಡೆ ತಟ್ಟಿಕೊಂಡರು: ‘ವನಜೀನವ’.

“ಆತು ನೋಡು. ಇದೊಂದ ಕೂಡ್ತೈತಿ, ಬ್ಯಾರೆ ದಾರಿನ ಇಲ್ಲ.”

“ನಮ್ಮಾಕಿ ಹೇಳಿದ್ದು ಬ್ಯಾರೆ ಇತ್ತಲ್ರಿ.”

“ಅಕ್ಷರ ಎಲ್ಲಾ ಆಕಿ ಹೇಳಿದ್ದವ ಅದಾವ. ಜಾಗ ಅಷ್ಟ ಬ್ಯಾರೆ.”

ಬುದ್ಧಿಯನ್ನು ಬಾಡಿಗೆಗೆ ತರುವ ಹುಲುಗೇಶ್ ಸ್ಕ್ರೂ ತಿರುವಿದ.

ನಾಲ್ಕಕ್ಕೆ ನಾಗರತ್ನ ಬಸ್ಸಿಳಿದಳು. ಬೋರ್ಡು ನೋಡಿದಳು. ಬ್ಯಾಗು ಕೈಯಲ್ಲೇ ಉಳಿಯಿತು.

“ವನಜೀ, ನವ. ಯಾರ್ರಿ ಆಕಿ ವನಜಿ? ಹೊಸಾಕಿನಾ?”

“ಯವ್ವಾ, ನಾನಂತೂ ಯಾವ ವನಜಿನೂ ಕಂಡಿಲ್ಲ,” ಎಂದಳು ಬಸಲಿಂಗಮ್ಮ, ಕಂಡವಳ ದನಿಯಲ್ಲಿ.

ಹುಲುಗೇಶ್ ಬೆವರುತ್ತ ಬೆಳಗಿನಿಂದ ನಡೆದದ್ದನ್ನೆಲ್ಲ ಒದರಿದ. ನಾಗರತ್ನ ಕೊನೆಯವರೆಗೂ ಕೇಳಿದಳು.

“ರಸ್ತಿಗೆ ಎರಡೂ ಕಡಿಂದ ಮಂದಿ ಬರ್ತಾರಂತ ನಮ್ಮಪ್ಪ ಎರಡು ದಿನ ಕುಂತು ಹುಡುಕಿದ ಹೆಸರು ಅದು. ನವಜೀವನ. ಹಿಂದಿನಿಂದ ಓದ್ರಿ.”

“ನ... ವ... ಜೀ... ವ... ನ...” ಹುಲುಗೇಶ್ ಸ್ಕ್ರೂಡ್ರೈವರಿಗೆ ಕೈ ಹಾಕಿದ.

ಬಸ್ಸು ಅರಸೀಕೆರೆಗೆ ತಿರುಗಿತು. ಹತ್ತಿ ಕೂತ ನಾಗರತ್ನ ಕಿಟಕಿಯಿಂದಲೂ ಇತ್ತ ನೋಡಲಿಲ್ಲ. ಹುಲುಗೇಶ್ ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದ. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, ದೂರವಾಗುತ್ತಿದ್ದ ಬಸ್ಸನ್ನೇ ದಿಟ್ಟಿಸಿ ಹೇಳಿದರು:

“ಕಿಟಕಿ. ಅದೂ ಎತ್ತಲಿಂದ ಓದಿದ್ರೂ ಒಂದ ನೋಡಲೇ.”